ಚೂರು ಬಟ್ಟೆಯ ತಪ್ಪು

ಮನೆ ಓನರ್ ಅಮ್ಮನವರಿಗೆ ಕೆಳಗಿನ ಮನೆಯ ಟೈಲರ್ ಮಾಡುವ ನಮಸ್ಕಾರ.

ಮನೆ ಗಲೀಜು ಮಾಡುತ್ತದೆಂದು ಭಾನುವಾರದೊಳಗೆ ನನ್ನ ನಾಯಿಮರಿಯನ್ನು ಸಾಗಹಾಕಬೇಕು ಎಂದಿದ್ದಿರಿ. ತಪ್ಪು ಅದರದಲ್ಲ. ಉಚ್ಚೆ ಹೊಯ್ಯಲೆಂದು ಮೂಲೆಯಲ್ಲಿ ಚೂರು ಬಟ್ಟೆ ಹಾಸಿದವಳು ನಾನೇ, ಗಿರಾಕಿಗಳ ಬಟ್ಟೆ ಒದ್ದೆಯಾದಾಗ ಗದರಿದವಳೂ ನಾನೇ. ಯಾವುದು ಚೂರು, ಯಾವುದು ಹೊಸ ಅಂಗಿ ಎಂದು ಅದಕ್ಕೇನು ಗೊತ್ತು?

ಈಗ ನೆಲದ ಮೇಲೆ ಒಂದು ತುಂಡೂ ಬಿಡುವುದಿಲ್ಲ. ಎದ್ದೊಡನೆ, ಉಂಡೊಡನೆ ಅಂಗಳಕ್ಕೆ ಒಯ್ಯುತ್ತೇನೆ. ನಾನು ಹೊಲಿಯುವಾಗ ಅದು ತನ್ನ ಗೂಡಿನ ಬಾಗಿಲು ತೆರೆದಿದ್ದರೂ ಅಲ್ಲೇ ಮಲಗಿರುತ್ತದೆ.

ನಿನ್ನೆ ನೀವು ಬಾಗಿಲಿಗೆ ಅಡ್ಡ ನಿಂತು, “ಇನ್ನೂ ಕಳಿಸಿಲ್ವಾ?” ಎಂದು ಬೈಯುತ್ತಿದ್ದಾಗ ಅದು ಕುಂಯ್‌ಗುಟ್ಟಿದ್ದು ಉಚ್ಚೆಗೆಂದು ಹೊರಗೆ ಹೋಗಲು. ನೀವು ಸರಿದಿರಿ, ಅದು ಅಂಗಳಕ್ಕೆ ಓಡಿತು, ನನಗೆ ಹೋದ ಜೀವ ಬಂತು.

ಅಷ್ಟು ಹೊತ್ತೂ ಅದು ನಿಮ್ಮ ಕಾಲ ಬುಡದಲ್ಲೇ ಇತ್ತು. ಒಂದು ಹನಿ ಬಿದ್ದ ಕಲೆಯಾದರೂ ಇದೆಯೇ ಎಂದು ಒಮ್ಮೆ ನಿಮ್ಮ ಚಪ್ಪಲಿ ನೋಡಿ, ಆಮೇಲೆ ತೀರ್ಮಾನ ಹೇಳಿ.

ಇಂತಿ,
ನಿಮ್ಮ ಕೆಳಮನೆಯವಳು