ಮಹಡಿಯ ಮೇಲಿನ ರಾಗಿ ಪೈರು

ಪುನೀತ,

ಮೊದಲ ಬಸ್ಸಿಗೆ ಊರಿಗೆ ಹೊರಟಿದ್ದೇನೆ. ಫ್ರಿಜ್‌ನಲ್ಲಿ ಸಾರಿದೆ, ಬೇಕಾದರೆ ಬಿಸಿ ಮಾಡಿಕೊ.

ಮಳೆ ಈಗ ಅದರ ಕಾಲಕ್ಕೆ ಬರುವುದಿಲ್ಲ. ಹೋದ ವರ್ಷ ಹೊಲಕ್ಕೆ ಚೆಲ್ಲಿದ ರಾಗಿ ಮೊಳಕೆಯಲ್ಲೇ ಒಣಗಿದ್ದನ್ನು ನೀನೂ ನೋಡಿದ್ದೆ. ಅದಕ್ಕೇ ಈ ಸಲ ಮಹಡಿಯ ಮೇಲೆ ಟ್ರೇಗಳಲ್ಲಿ ಪೈರು ಬೆಳೆಸಿದೆ, ಮಳೆ ಬಿದ್ದ ಕೂಡಲೇ ಒಯ್ದು ನೆಡೋಣವೆಂದು. ನಿನ್ನೆ ಊರಲ್ಲಿ ಮಳೆ ಬಿತ್ತು. ನಿನ್ನೆಯೇ ನೀನು, ಗೆಳೆಯರಿಗೆ ಕುರ್ಚಿ ಹಾಕಲು ಜಾಗ ಬೇಕೆಂದು, ಅಷ್ಟನ್ನೂ ಬೀದಿಗೆ ಸುರಿದೆ. ಕೇಳಿದರೆ, "ಹುಲ್ಲು ಅನ್ಕೊಂಡ್ಬುಟ್ಟೆ ಕಣಕ್ಕ" ಎಂದು ಎಲ್ಲರೆದುರು ನಕ್ಕೆ. ಮೂರು ಹೊತ್ತು ಮುದ್ದೆ ತಿಂದು ಬೆಳೆದವನಿಗೆ ನಾಚಿಕೆಯಾಗಲಿಲ್ಲವೇ?

ಚರಂಡಿ ಪಕ್ಕ ಬಿದ್ದಿದ್ದನ್ನು ಆರಿಸಿ, ಬೇರಿಗೆ ಒದ್ದೆ ಗೋಣಿ ಸುತ್ತಿದ್ದೇನೆ. ಅರ್ಧವಾದರೂ ಉಳಿದೀತು. ಫೋನ್ ಮಾಡಿದರೆ, ಊರಲ್ಲಿ ಹೊಲ ನೋಡಿಕೊಳ್ಳುವ ದೇವಿರಮ್ಮತ್ತೆ, "ಇರೋದನ್ನೇ ತಕ್ಕೊಂಡ್ ಬಾ ಮಗ, ದೂರ ದೂರ ನೆಟ್ರೆ ಜಾಸ್ತಿ ಕವಲೊಡೀತದೆ" ಎಂದರು. ಬೈಯಲೂ ಇಲ್ಲ. ನಿನ್ನನ್ನು ಬೈಯುವ ಕೆಲಸ ನನಗೇ ಬಿಟ್ಟರು.

ಮಹಡಿ ನೀನೇ ತೊಳೆ. ಸಾರಿ ಹೇಳಲು ಫೋನ್ ಮಾಡಬೇಡ, ಎತ್ತುವುದಿಲ್ಲ. ಪ್ಯಾಂಟು ಮಡಚಿ ಕೆಸರಿಗಿಳಿದು ನಾಟಿ ಮಾಡುವುದಾದರೆ ಬಾ. ಇಲ್ಲದಿದ್ದರೆ, ಸುಗ್ಗಿಯಲ್ಲಿ ಮೂಟೆ ಒಯ್ಯಲು ಕಣದ ಹತ್ತಿರ ಕಾರು ತಂದು ನಿಲ್ಲಿಸಬೇಡ.

ಸಿಂಚನ