ಪುಸ್ತಕವಿಲ್ಲದ ಕಾಯಿಲೆ

ಹಿಂದೂಪುರ
ಮಂಗಳವಾರ, 21-4-1964

ಮಗಳು ಪಾಪಕ್ಕನಿಗೆ ಅಮ್ಮ ಬರೆಯುವುದು. ಆಶೀರ್ವಾದ ಕೊನೆಗೆ ಮಾಡುತ್ತೇನೆ, ಮೊದಲು ಬೈಯುವ ಕೆಲಸ ಮುಗಿಯಲಿ.

ಹೋದ ವಾರ ನಿನ್ನ ಕಾಗದ ಬಂತು. ಶಂಕ್ರಿಗೆ ಉಪ್ಪಿಲ್ಲದ ಪಥ್ಯ ಹಿಡಿಸಿದ್ದಾರೆ ಎಂಬಲ್ಲಿಗೆ ಬಂದಾಗ ಕಾಗದವನ್ನು ಅಲ್ಲೇ ನೆಲಕ್ಕೆ ಕುಕ್ಕಿದೆ. ಅಲ್ಲಮ್ಮ, ನಾವಿಬ್ಬರೂ ಆ ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು ಮದರಾಸಿಗೆ ಹೋಗಿಬಂದದ್ದು ಯಾತಕ್ಕೆ? ಆ ಡಾಕ್ಟರಮ್ಮ ನಮಗೆ ತಿಳಿಯಲಿ ಅಂತ ತೆಲುಗಿನಲ್ಲಿ ಬಿಡಿಸಿ ಬಿಡಿಸಿ ಹೇಳಿದಳು. ಈ ಮಗುವಿನ ಬೆವರಿನಲ್ಲಿ ಉಪ್ಪು ಹೊರಟುಹೋಗುತ್ತದೆ, ಅದಕ್ಕೇ ಮುತ್ತಿಟ್ಟರೆ ಕೆನ್ನೆ ಉಪ್ಪುಪ್ಪು. ಕಫ ಅಂಟಿನ ಹಾಗೆ ಎದೆಯಲ್ಲಿ ಕೂತುಬಿಡುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಬೇಸಿಗೆಯಲ್ಲಿ ಬೇರೆ ಮಕ್ಕಳಿಗಿಂತ ಹೆಚ್ಚು ಉಪ್ಪು ಕೊಡಬೇಕು, ತಪ್ಪಿದರೆ ಪ್ರಾಣಕ್ಕೇ ಕುತ್ತು ಬರುತ್ತದೆ ಅಂದಳು. ನೀನೂ ಅಲ್ಲೇ ಇದ್ದೆ, ಕಿವಿಯೂ ಇತ್ತು.

ನಿಮ್ಮ ಮಾವ ಪೋತಪ್ಪನವರ ವಿದ್ಯೆ ಬೇರೆ. "ಚೌಳು ನೆಲ ಇದ್ದಂಗೆ ಕಣಮ್ಮ ಮೈಯಿ. ಮೇಲೆ ಬೆಳ್ಳಗೆ ಉಪ್ಪು ಬಿಟ್ಟೈತೆ ಅಂದ್ರೆ ಒಳಗೆ ಜಾಸ್ತಿ ಆಗೈತೆ ಅಂತ. ನಿಲ್ಸಿಬುಡಿ" ಅಂದರಂತೆ. ನಿಮ್ಮೂರು ಬ್ರಹ್ಮಸಮುದ್ರದ ಸುತ್ತ ಚೌಳು ಹೊಲ ಉತ್ತೂ ಉತ್ತೂ ಅವರಿಗೆ ಮೊಮ್ಮಗಳೂ ಹೊಲದ ಹಾಗೇ ಕಾಣುತ್ತಾಳೆ. ಅದೂ ಸಾಲದು ಅಂತ ರಟ್ಟು ಕಿತ್ತುಹೋದ ಆ ತೆಲುಗು ವೈದ್ಯದ ಪುಸ್ತಕ ತೆಗೆದು, ಕಫದ ಕೆಮ್ಮಿಗೆ ಉಪ್ಪಿಲ್ಲದ ಗಂಜಿ ಅಂತ ಓದಿ ತೋರಿಸಿದರಂತೆ. ಡಾಕ್ಟರಮ್ಮನ ಮಾತು ನೀನು ಎತ್ತಿದ್ದಕ್ಕೆ, "ಆಯಮ್ಮ ಯೋಳಿದ್ದು ಯಾವ ಪುಸ್ತಕದಾಗೈತೆ, ತಂದು ತೋರ್ಸು. ಅಚ್ಚಾಗಿದ್ರೆ ಆವತ್ತೇ ಉಪ್ಪು ಹಾಕಿಸ್ತೀನಿ" ಅಂದರಂತೆ. ನಿನ್ನ ಗಂಡ ಬೈಲಪ್ಪ ಏನು ಮಾಡುತ್ತಿದ್ದ ಅಂತ ಬರೆದಿಲ್ಲ. ಬರೆಯಬೇಡ, ಗೊತ್ತಿದೆ. ಅಪ್ಪನ ಮುಂದೆ ನಿಂತರೆ ಅವನೂ ನಡುಮನೆಯ ಇನ್ನೊಂದು ಕಂಬ.

ನಾನೇ ಬರೋಣವೆಂದರೆ, ಬೀಗತಿ ಜಗಳಕ್ಕೆ ಬಂದಳು ಅಂತ ಆ ಮನುಷ್ಯನ ಹಟ ಇನ್ನೂ ಏರುತ್ತದೆ. ಪುಸ್ತಕ ತಾನೇ ಬೇಕು, ಹಿಂದೂಪುರ ಅಷ್ಟು ದೊಡ್ಡ ಊರು, ಒಂದು ಪುಸ್ತಕ ಸಿಕ್ಕದೇ ಇದ್ದೀತೇ ಅಂದುಕೊಂಡು ಹೊರಟೆ. ಪರಿಗಿಯ ಹತ್ತಿರ ನನ್ನ ತವರಿನಲ್ಲಿ ನಾಲ್ಕು ದಿನ ಮಣ್ಣಿನ ಮೇಲೆ ಕನ್ನಡದ ಅಕ್ಷರ ತಿದ್ದಿದವಳು ನಾನು. ತೆಲುಗು ಬಾಯಿಗೆ ಬರುತ್ತದೆ, ಕಣ್ಣಿಗೆ ಬರುವುದಿಲ್ಲ. ಇಂಗ್ಲಿಷಂತೂ ಇರುವೆ ಹರಿದ ಹಾಗೆ ಕಾಣುತ್ತದೆ. ಸಿಕ್ಕಿದರೆ ಯಾರ ಕೈಯಲ್ಲಾದರೂ ಓದಿಸೋಣ ಅಂತ.

ಮೊದಲು ಬಜಾರಿನ ಪುಸ್ತಕದ ಅಂಗಡಿ. ಡಾಕ್ಟರಮ್ಮ ಕಾಯಿಲೆಯ ಹೆಸರು ಬರೆದುಕೊಟ್ಟಿದ್ದ ಚೀಟಿ ಮುಂದೆ ಹಿಡಿದೆ. ಅಂಗಡಿಯವನು ಕನ್ನಡಕ ಏರಿಸಿ, "ಸಿಸ್ಟಿಕ್ ಫೈಬ್ರೋಸಿಸ್... ಇದೇನವ್ವಾ, ನೀರೆತ್ತೋ ಮಿಷನ್ನಾ?" ಅಂದ. ಕಾಯಿಲೆ ಕಣಪ್ಪ ಅಂದೆ. ಕ್ಷಯದ ಪುಸ್ತಕ ತೆಗೆದ. ಅದಲ್ಲ ಅಂದೆ. ಸಕ್ಕರೆ ಕಾಯಿಲೆಯದು ತೆಗೆದ. ಅದೂ ಅಲ್ಲ ಅಂದೆ. ಬಂದ ಗಿರಾಕಿಯನ್ನು ಬರಿಗೈಲಿ ಕಳಿಸಬಾರದು ಅಂತ ಮಕ್ಕಳಾಗುವ ವ್ರತದ ಪುಸ್ತಕ ಚಾಚಿದ. ನನ್ನ ನರೆತ ತಲೆ ನೋಡಿಯೂ ಇದನ್ನು ಕೊಡುತ್ತೀಯಲ್ಲ, ನಿನಗೆ ಆ ಕನ್ನಡಕ ದಂಡ ಅಂದು ಬಂದೆ.

ಆಮೇಲೆ ಗ್ರಂಥಾಲಯ. ಅಲ್ಲಿರುವವರು ಒಳ್ಳೆಯ ಮನುಷ್ಯ, ನನಗೆ ಕುರ್ಚಿ ಹಾಕಿ ತಾವು ನಿಂತುಕೊಂಡೇ ಬೀರುಗಳನ್ನೆಲ್ಲ ತಡಕಿದರು. "ಆ ಪೇರೇ ಎಪ್ಪುಡೂ ವಿನಲೇದಮ್ಮಾ" ಅಂದರು. ಆ ಹೆಸರೇ ಕೇಳಿದವರಿಲ್ಲ ನೋಡು. ಕೊಲೆ ಮಾಡಿದವನನ್ನು ಹಿಡಿಯುವ ಕಾದಂಬರಿಗಳು ಒಂದು ಬೀರು ತುಂಬ ಇವೆ. ಎಮ್ಮೆಗೆ ಗಂಟಲು ಊದಿದರೆ ಏನು ಮಾಡಬೇಕು ಅಂತ ಚಿತ್ರ ಸಮೇತ ಪುಸ್ತಕ ಇದೆ, ಪಾಪಕ್ಕ. ಎಮ್ಮೆಗೆ ಇದೆ, ನಮ್ಮ ಮಗುವಿಗೆ ಇಲ್ಲ. ಅನಂತಪುರಕ್ಕೆ ಬರೆದು ಕೇಳುತ್ತೇನಮ್ಮ ಅಂದರು. ಬರೆಯಿರಿ ಅಂದೆ, ಒಳ್ಳೆಯ ಮನುಷ್ಯನ ಮೇಲೆ ಎಷ್ಟು ಅಂತ ಹರಿಹಾಯಲಿ?

ಕಡಲೆಕಾಯಿ ವ್ಯಾಪಾರಕ್ಕೆ ಕಲ್ಯಾಣದುರ್ಗಕ್ಕೆ ಹೋಗಿದ್ದ ನಿನ್ನ ತಮ್ಮ ಓಬಣ್ಣನಿಗೂ ಹೇಳಿದ್ದೆ. ಅಲ್ಲಿ ಊರಿನವರು ಸೇರಿ ನಡೆಸುವ ವಾಚನಾಲಯದಲ್ಲಿ ಪೇಪರು, ಪಂಚಾಂಗ, ರಾಮಾಯಣ, ಅಷ್ಟೇ ಅಂತ ಬಂದು ಹೇಳಿದ. ಅಲ್ಲಿ ಒಬ್ಬ ಮುದುಕ, "ಬೆವ್ರು ಉಪ್ಪಾಗೋದು ಕಾಯಿಲೆನಾ? ಅಂಗಾರೆ ನಮ್ಮೂರಿಗೆಲ್ಲ ಕಾಯಿಲೆನೇ ಕಣ್ಲಾ" ಅಂತ ನಕ್ಕನಂತೆ. ಇವನೂ ನಕ್ಕು ಬಂದಿದ್ದಾನೆ. ಆ ನಗುವಿಗೆ ನನ್ನಿಂದ ಬೇಕಾದ್ದು ಸಿಕ್ಕಿತು ಬಿಡು.

ಕೊನೆಗೆ ಇಲ್ಲಿಯ ಒಬ್ಬ ಡಾಕ್ಟರ ಹತ್ತಿರ ಹೋದೆ. ದಿಂಬಿನಷ್ಟು ದಪ್ಪದ ಇಂಗ್ಲಿಷ್ ಪುಸ್ತಕ ತೆಗೆದರು. ನಾನೂ ಮೇಜಿನ ಮೇಲೆ ಬಗ್ಗಿದೆ. ಇದೆಯಮ್ಮ ಅಂದರು! ಓದಿ ಸ್ವಾಮಿ ಅಂದೆ. ಅರ್ಧ ಪುಟ. ಬಿಳಿ ಜನರ ಮಕ್ಕಳಿಗೆ ಬರುತ್ತದೆ, ನಮ್ಮ ಕಡೆ ಇಲ್ಲ ಅಂತ. ಉಪ್ಪಿನ ಮಾತು ಏನಿದೆ ಅಂದರೆ, "ಅಷ್ಟೆಲ್ಲ ಬರ್ದಿಲ್ಲಮ್ಮ, ಇದು ಹಳೇ ಪುಸ್ತಕ" ಅಂದರು. ನಮ್ಮ ಕಡೆ ಇಲ್ಲದಿದ್ದರೆ ಎದೆಯಲ್ಲಿ ಗೊರಗೊರ ಅನ್ನುವ ನನ್ನ ಮೊಮ್ಮಗಳು ಯಾವ ಬಿಳಿ ದೊರೆಯ ಮಗಳು ಅಂತ ಕೇಳಿದೆ. ಪುಸ್ತಕ ಮುಚ್ಚಿದರು. ತಪ್ಪು ಹೇಳುವುದಕ್ಕೆ ನಿಮ್ಮ ಮಾವನ ಹತ್ತಿರ ಪುಸ್ತಕ ಇದೆ. ಸರಿ ಹೇಳುವುದಕ್ಕೆ ಈ ಸೀಮೆಯಲ್ಲೆಲ್ಲ ಒಂದು ಹಾಳೆ ಇಲ್ಲ. ಆ ಸಿಟ್ಟಿನಲ್ಲೇ ಬಿಸಿಲಿನಲ್ಲಿ ನಡೆದು ಮನೆಗೆ ಬಂದೆ.

ನಿನ್ನೆ ನಿನ್ನ ಕಾರ್ಡು ಬಂತು. ಮಗು ಬಿಸಿಲಿಗೆ ಕುಸಿದುಬಿದ್ದಳು, ಕಾಲು ಸೆಟೆದುಕೊಂಡವು, ಕಣ್ಣು ಗುಳಿ ಬಿದ್ದಿವೆ, ಅತ್ತೆ ಮಡಕೆ ಬೇರೆ ಇಟ್ಟು ತಾವೇ ಉಣಿಸುತ್ತಾರೆ, ನನ್ನನ್ನು ಹತ್ತಿರ ಬಿಡುವುದಿಲ್ಲ ಅಂತ. ಅದನ್ನು ಓದಿದ ಮೇಲೆ ಹುಡುಕುವುದನ್ನು ನಿಲ್ಲಿಸಿದೆ. ಇಲ್ಲದ್ದನ್ನು ಎಷ್ಟು ಅಂತ ಹುಡುಕುವುದು? ಅಚ್ಚು ಬೇಕು ತಾನೇ ಆ ಮನುಷ್ಯನಿಗೆ? ನೇರ ಜೋಗಪ್ಪನ ಪ್ರೆಸ್ಸಿಗೆ ಹೋದೆ. ಮದುವೆ ಪತ್ರಿಕೆ, ಬೆಲ್ಲದ ಮಂಡಿಯ ಬಿಲ್ಲು ಅಚ್ಚು ಹಾಕುವ ಜೋಗಪ್ಪ.

ಡಾಕ್ಟರಮ್ಮ ಹೇಳಿದ್ದನ್ನು ನಾನು ಹೇಳಿದೆ, ಅವನು ತೆಲುಗಿನಲ್ಲಿ ಅಕ್ಷರ ಜೋಡಿಸಿದ. ನನ್ನದು ಒಂದು ಮಾತೂ ಸೇರಿಸಿಲ್ಲ, ಆಣೆ. "ಈ ಕಾಯಿಲೆಗೆ ನಮ್ಮ ಮಾತಲ್ಲಿ ಏನಂತಾರಮ್ಮ?" ಅಂದ. ಏನೂ ಅನ್ನುವುದಿಲ್ಲ ಕಣಪ್ಪ, ಅದೇ ಗೋಳು ಅಂದೆ. ಕಡೆಗೆ ಇಬ್ಬರೂ ಸೇರಿ, ಬೆವರಿನಲ್ಲಿ ಉಪ್ಪು ಕಳೆದುಕೊಳ್ಳುವ ಮಕ್ಕಳ ಕಾಯಿಲೆ ಅಂತ ಇಟ್ಟು, ಕೆಳಗೆ ಇಂಗ್ಲಿಷ್ ಹೆಸರು ಹಾಕಿದೆವು. "ಮೇಲೆ ಗಣಪತಿ ಬ್ಲಾಕು ಹಾಕ್ಲಾ? ಮದ್ವೆದು ಐತೆ" ಅಂದ. ಹಾಕು, ನಮ್ಮ ಬೀಗರು ಮೊದಲು ಕಣ್ಣಿಗೆ ಒತ್ತಿಕೊಂಡು ಆಮೇಲೆ ಓದುತ್ತಾರೆ ಅಂದೆ. "ಅಮ್ಮಾ, ಪ್ರೆಸ್ಸಿಗೆ ನಿನ್ನಂಥವ್ರು ಇನ್ನೊಬ್ರು ಬಂದ್ರೆ ನಾನು ಡಾಕ್ಟ್ರಾಗ್ಬುಡ್ತೀನಿ" ಅಂತ ನಗುತ್ತಲೇ ಸಂಜೆಯೊಳಗೆ ಮುಗಿಸಿಕೊಟ್ಟ.

ಈ ಕಾಗದದ ಜೊತೆ ಆ ಹಾಳೆ ಇದೆ. ಓಬಣ್ಣನ ಕೈಯಲ್ಲೇ ಕಳಿಸುತ್ತಿದ್ದೇನೆ, ಟಪಾಲಿಗೆ ಹಾಕಿ ಕಾಯುವಷ್ಟು ಹೊತ್ತಿಲ್ಲ. ಇನ್ನು ಹೇಳಿದ ಹಾಗೆ ಮಾಡು. ಹಾಳೆಯನ್ನು ನೀನು ಮಾವನ ಕೈಗೆ ಕೊಡಬೇಡ. ಸೊಸೆ ಕೊಟ್ಟದ್ದು ಅಂದರೆ ಮೂಗು ಮುರಿಯುತ್ತಾರೆ. ಓಬಣ್ಣ ಜಗಲಿಯ ಮೇಲೆ ನಾಲ್ಕು ಜನ ಕೂತಿರುವಾಗ, ಮಾವ, ಇದೇನೋ ಅಚ್ಚಾಗಿದೆ, ನನಗೆ ಓದಲು ಬಾರದು, ಸ್ವಲ್ಪ ಓದಿ ಹೇಳಿ ಅನ್ನಲಿ. ಬೆಂಕಿಪೊಟ್ಟಣದ ಮೇಲಿನ ಅಕ್ಷರವನ್ನೂ ಕೂಗಿ ಓದುವ ಮನುಷ್ಯ ಅವರು. ಊರವರ ಮುಂದೆ ತಾವೇ ಕೂಗಿ ಓದಿದ್ದನ್ನು ಆಮೇಲೆ ಸುಳ್ಳು ಅನ್ನುವುದಕ್ಕೆ ಅವರ ಮೀಸೆ ಬಿಡುವುದಿಲ್ಲ. ಎಲ್ಲಿಯದು ಅಂದರೆ ಹಿಂದೂಪುರದಿಂದ ಬಂತು ಅನ್ನಲಿ, ಅದು ನಿಜವೇ.

ಅವರು ಓದಿ ಮುಗಿಸುವವರೆಗೂ ಕಾಯಬೇಡ. ಓಬಣ್ಣನ ಚೀಲದಲ್ಲಿ ಉಪ್ಪುನೀರಿನಲ್ಲಿ ನೆನೆಹಾಕಿದ ನೆಲ್ಲಿಕಾಯಿ ಇದೆ. ಅತ್ತೆ ಜಗಲಿಯ ಕಡೆ ಕಿವಿ ಕೊಟ್ಟಾಗ ಮಗುವಿಗೆ ಚೀಪಿಸು, ಉಪ್ಪು ಹಾಕಿದ ಮಜ್ಜಿಗೆ ಗುಟುಕು ಗುಟುಕಾಗಿ ಕುಡಿಸು. ಅಷ್ಟರ ಮೇಲೂ ಮಾವ ಒಪ್ಪದಿದ್ದರೆ ಮಗುವನ್ನು ಎತ್ತಿಕೊಂಡು ಓಬಣ್ಣನ ಜೊತೆ ಬಸ್ಸು ಹತ್ತು. ಹಿಂದಕ್ಕೆ ನೋಡಬೇಡ, ಯಾರು ಏನಂದರೂ ನಾನಿದ್ದೇನೆ.

ನಿನಗೂ ಶಂಕ್ರಿಗೂ ನನ್ನ ಆಶೀರ್ವಾದ. ಬೈಲಪ್ಪನಿಗೆ, ಅವನು ಬಾಯಿ ಬಿಟ್ಟ ದಿನ.

ಇಂತಿ ನಿನ್ನ ಅಮ್ಮ,
ಉಡುಸಲಮ್ಮ

ತಾ.ಕ.: ಜೋಗಪ್ಪ ಅಚ್ಚು ಹಾಕುವ ಮುಂಚೆ, ಇನ್ನೇನಾದರೂ ಉಳಿದಿದೆಯಾ ಅಮ್ಮ ಅಂತ ಕೇಳಿದ. ಇಲ್ಲ ಅಂದೆ. ಉಳಿದಿತ್ತು. ನೀನು ಮಗುವಿನ ಮುಖ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಡಾಕ್ಟರಮ್ಮ ನನ್ನೊಬ್ಬಳಿಗೇ ಒಂದು ಮಾತು ಹೇಳಿದಳು, ಇಂಥ ಮಕ್ಕಳ ಆಯುಸ್ಸಿನ ಮಾತು. ನಾನು ಊರೆಲ್ಲ ಪುಸ್ತಕ ಹುಡುಕಿದ್ದು ಉಪ್ಪಿಗಾಗಿ ಮಾತ್ರ ಅಲ್ಲ. ಈ ಕಾಯಿಲೆಯ ಒಂದು ಹುಡುಗಿ, ಎಲ್ಲಾದರೂ ಒಬ್ಬಳೇ ಒಬ್ಬಳು, ಬೆಳೆದು ಸೀರೆ ಉಟ್ಟಳು ಅಂತ ಯಾರಾದರೂ ಬರೆದಿದ್ದಾರೇನೋ ಅಂತ. ಯಾರೂ ಬರೆದಿಲ್ಲ. ಆದರೆ ಡಾಕ್ಟರಮ್ಮ ಹೇಳಿದ ಆ ಮಾತನ್ನೂ ನಾನು ನೋಡಿದ ಯಾವ ಪುಸ್ತಕದಲ್ಲೂ ಬರೆದಿಲ್ಲ, ಪಾಪಕ್ಕ. ಅಚ್ಚಾಗುವವರೆಗೆ ನಾನೂ ನಂಬುವುದಿಲ್ಲ. ನೀನು ನನ್ನನ್ನು ಏನೂ ಕೇಳಬೇಡ, ಉಪ್ಪು ಹಾಕು.