ಶೂಮನ್ ಮಂತ್ರಿಯ ಉಪಾಯ

ವಾದಿ ಕಬೀರ್, 10-5-2004

ಅಕ್ಕನಿಗೆ ವಾಸುದೇವನ ನಮಸ್ಕಾರ.

ನಿನ್ನೆ ಒಬ್ಬ ಜರ್ಮನ್, ಒಬ್ಬ ಫ್ರೆಂಚ್ ಎಂಜಿನಿಯರ್ ಒಂದೇ ಜೀಪಿನಲ್ಲಿ ಈ ಅರಬರ ಊರಿನ ನನ್ನ ಗ್ಯಾರೇಜಿಗೆ ಬಂದು ಎಲ್ಲರಿಗೂ ಕೇಕ್ ಹಂಚಿದರು. "ನಿಮ್ಮಜ್ಜಂದಿರು ಬಡಿದಾಡಿದವರಲ್ವಾ ಸಾಹೇಬ್ರೇ, ಇದೆಂಥ ಒಟ್ಟಿಗೆ ಹಬ್ಬ?" ಎಂದೆ.

"ಇದು ನಮ್ಮ ಶೂಮನ್ ದಿನ" ಎಂದ ಫ್ರೆಂಚಿನವ. ಶೂಮನ್ ಎಂದರೆ ಫ್ರೆಂಚರ ಹಳೆಯ ಮಂತ್ರಿಯಂತೆ. ಎರಡೂ ದೇಶಗಳ ಕಲ್ಲಿದ್ದಲು, ಉಕ್ಕನ್ನು ಒಂದೇ ಆಡಳಿತಕ್ಕೆ ಒಪ್ಪಿಸೋಣ ಎಂದು 1950ರ ಮೇ ಒಂಬತ್ತರಂದು ಸಾರಿದನಂತೆ. ಮತ್ತೆ ಯಾರೂ ಗುಟ್ಟಾಗಿ ಫಿರಂಗಿ ಮಾಡುವಂತಿಲ್ಲ! ಅಲ್ಲಿಂದ ಬೆಳೆದ ಒಕ್ಕೂಟಕ್ಕೆ ಈ ತಿಂಗಳು ಇನ್ನೂ ಹತ್ತು ದೇಶಗಳು ಸೇರಿವೆ.

ಅಮ್ಮನ ಒರಳಿಗಾಗಿ ನೀನೂ ಪಕ್ಕದ ಮನೆಯಲ್ಲೇ ಇರುವ ನಮ್ಮ ತಂಗಿ ರತ್ನಪ್ರಭಾಳೂ ಮಾತು ಬಿಟ್ಟು ಎರಡು ವರ್ಷವಾಯಿತು. ಇಬ್ಬರೂ ಬೇರೆ ಬೇರೆ ಕಾಗದ ಬರೆದು ಮಿಕ್ಸಿ ಕೇಳಿದ್ದೀರಿ. ಊರಿಗೆ ಹೊರಟ ಗೆಳೆಯ ಎಡ್ಮಂಡನ ಕೈಯಲ್ಲಿ ಒಂದೇ ಮಿಕ್ಸಿ ಕಳಿಸಿದ್ದೇನೆ. ಮೋಟಾರು ನಿನಗೆ, ಜಾರುಗಳು ಅವಳಿಗೆ.

ನನ್ನ ಸೊಂಟನೋವು ವಾಸಿಯಾಗಿದೆ. ಗಿರಾಕಿ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮೊದಲ ಚಟ್ನಿ ಯಾರ ಮನೆಯಲ್ಲಿ ಅರೆದಿರಿ ಎಂದು ಇಬ್ಬರೂ ಸೇರಿ ಒಂದೇ ಕಾರ್ಡಿನಲ್ಲಿ ಬರೆಯಿರಿ.

ನಿನ್ನ ತಮ್ಮ,
ವಾಸು